ಐದು ಗೇರಿನ ಸುಳ್ಳು

ನಾಲ್ಕು ತಿಂಗಳು ನನಗೆ ಸುಳ್ಳು ಹೇಳಿದವರು ಮೂವರು: ನನ್ನ ಗಂಡ, ನನ್ನ ತಂಗಿ, ಕಡೂರಿನ ಕಾರ್ ಮೇಸ್ತ್ರಿ. ಮೂವರನ್ನೂ ನಂಬಿದ್ದೆ. ಮೇಸ್ತ್ರಿಯನ್ನಂತೂ ಉಳಿದಿಬ್ಬರಿಗಿಂತ ಒಂದು ಕೈ ಹೆಚ್ಚೇ ನಂಬಿದ್ದೆ. ಸುಳ್ಳು ಏನೆಂದರೆ, ನನ್ನ ಅಂಬಾಸಿಡರ್ ಕಾರಿಗೆ ಹೊಡೆದ ಬಣ್ಣ ಇನ್ನೂ ಒಣಗಿಲ್ಲ ಎಂಬುದು. ಕಡೂರಿನ ಬಿಸಿಲಿಗೆ ಹಪ್ಪಳ ಅರ್ಧ ದಿನದಲ್ಲಿ ಒಣಗುತ್ತದೆ. ಅಲ್ಲಿ ಕಾರಿನ ಬಣ್ಣ ಒಣಗಲು ನಾಲ್ಕು ತಿಂಗಳು ಬೇಕು ಎಂದು ಒಪ್ಪಿಕೊಂಡ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಹೊಟ್ಟೆಯುರಿ ಇಳಿಯುವುದಿಲ್ಲ.

ಕಾರು ಮೊದಲು ಅಪ್ಪನದು. ಅಪ್ಪ ಅಜ್ಜಂಪುರದಲ್ಲಿ ದನದ ಡಾಕ್ಟರಾಗಿದ್ದರು. ಹಳ್ಳಿಗಳನ್ನು ಸುತ್ತಲು ಕೆನೆಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್ ಕೊಂಡರು. ಹಳೇ ಕಾಲದ ಪೆಟ್ರೋಲ್ ಗಾಡಿ, ಹ್ಯಾಂಡ್ ಗೇರಿನದು. ಈಗಿನವರಿಗೆ ಬಿಡಿಸಿ ಹೇಳಬೇಕು: ಇದರಲ್ಲಿ ಗೇರಿನ ಕೋಲು ನೆಲದಿಂದ ಎದ್ದು ನಿಲ್ಲುವುದಿಲ್ಲ, ಸ್ಟೀರಿಂಗ್ ಚಕ್ರದ ಕೆಳಗೆ ಎಡಗಡೆಗೆ ಚಾಚಿಕೊಂಡಿರುತ್ತದೆ. ಗೇರು ನಾಲ್ಕೇ. ನೆಲದ ಮೇಲೆ ಏನೂ ಇಲ್ಲದ್ದರಿಂದ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ಅಪ್ಪ, ನಾನು, ತಂಗಿ ಮೂವರೂ ಮುಂದೆಯೇ ಕೂತು ಹೋಗುತ್ತಿದ್ದೆವು.

ಗಂಡು ಮಕ್ಕಳಿಲ್ಲದ್ದಕ್ಕೆ ಡಾಕ್ಟರು ಮಗಳಿಗೆ ಕಾರು ಕಲಿಸಿದರು ಎಂದು ಊರಲ್ಲಿ ಹೇಳುತ್ತಿದ್ದರು. ಅದು ನಿಜವಲ್ಲ. ಕಷ್ಟದ ಹೆರಿಗೆ ಮಾಡಿಸಿ, ಹಸುವಿನ ಹೊಟ್ಟೆಯಿಂದ ಕರು ಎಳೆದು ಬಂದ ದಿನ ಅಪ್ಪನಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಕಾರು ಓಡಿಸಲು ಯಾರಾದರೂ ಬೇಕಿತ್ತು, ಪಕ್ಕದಲ್ಲಿ ನಾನಿದ್ದೆ, ಅಷ್ಟೇ. ಗೇರ್ ಹಾಕಲು ತಡಕಾಡಿದರೆ ಅವರು ಬೈಯುತ್ತಿರಲಿಲ್ಲ. "ಕರು ಎಳ್ದಂಗೆ ಕಣೇ ಇದು. ಬಲ ಹಾಕ್ಬಾರ್ದು. ಅದು ಬರೋ ಕಡೆಗೆ ಕೈ ಹೋಗ್ಬೇಕು" ಅನ್ನುತ್ತಿದ್ದರು. ಒಂದು ಬೇಸಿಗೆಯಲ್ಲಿ ಕೈ ಆ ಕಡೆಗೆ ಹೋಗಲು ಕಲಿಯಿತು.

ನನಗೆ ಮದುವೆಯಾಗಿ ತರೀಕೆರೆಗೆ ಬಂದ ಕೆಲವು ವರ್ಷಕ್ಕೆ ಅಪ್ಪನ ಕಣ್ಣು ಮಂಜಾಯಿತು. ಕಾರು ನನಗೆ ಕೊಟ್ಟರು. ಆಗಲೇ ಅದಕ್ಕೊಂದು ರೋಗ ಅಂಟಿಕೊಂಡಿತ್ತು. ಒಂದನೇ ಗೇರಿಗೂ ರಿವರ್ಸಿಗೂ ನಡುವೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಿಂತುಬಿಡುತ್ತಿತ್ತು. ಆಗ ಬಾನೆಟ್ ಎತ್ತಿ, ಸ್ಟೀರಿಂಗ್ ಕಂಬದ ಬುಡದಲ್ಲಿರುವ ಎರಡು ಕಬ್ಬಿಣದ ಸರಳುಗಳಲ್ಲಿ ಒಂದನ್ನು ಹಿಡಿದು ಕೆಳಕ್ಕೆ ಅದುಮಬೇಕು. ಬೀರೂರಿನ ರೈಲ್ವೆ ಗೇಟಿನ ಮುಂದೆ ಹೀಗಾದಾಗ ಹತ್ತು ಗಂಡಸರು ಸುತ್ತ ಸೇರಿ ಹತ್ತು ಸಲಹೆ ಕೊಟ್ಟರು. ನಾನು ಸೆರಗು ಸಿಕ್ಕಿಸಿಕೊಂಡು, ಬಾನೆಟ್ ಎತ್ತಿ, ಸರಳು ಅದುಮಿ, ಬಾನೆಟ್ ಮುಚ್ಚಿ ಹೊರಟೆ. ಅವರ ಬಾಯಿ ಇನ್ನೂ ತೆರೆದೇ ಇತ್ತು. ಅಂಥ ದಿನಗಳಲ್ಲಿ ನನಗೆ ಸ್ವಲ್ಪ ಜಂಬ ಬರುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಕಾರು ಒಂದೇ. ನನ್ನ ಸಂಬಳ ಎಲ್ಲರದು, ನನ್ನ ಭಾನುವಾರ ಎಲ್ಲರದು, ಒಡವೆಗಳೂ ಯಾರದೋ ಮದುವೆಗೆ ಯಾರದೋ ಕೊರಳಿಗೆ ಹೋಗಿ ಬರುತ್ತಿದ್ದವು. ಕಾರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕೆಂದರೂ ಒಳಗೆ ಕೂತು ಹೊರಡುವುದು, ಅಷ್ಟೇ. ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಯಾರಿಗೂ ಹೇಳಬೇಕಿರಲಿಲ್ಲ.

ನನ್ನ ಗಂಡ ಕರೆಂಟ್ ಆಫೀಸಿನಲ್ಲಿದ್ದವರು. ಕಾರು ಬಂದ ಹೊಸತರಲ್ಲಿ ಅವರೂ ಕಲಿಯಲು ನೋಡಿದರು. ಲಕ್ಕವಳ್ಳಿ ರಸ್ತೆಯಲ್ಲಿ ಒಂದನೇ ಗೇರ್ ಎಂದುಕೊಂಡು ರಿವರ್ಸ್ ಹಾಕಿ, ಹಿಂದೆ ನಿಂತಿದ್ದ ಎಳನೀರಿನ ತಳ್ಳುಗಾಡಿಗೆ ಗುದ್ದಿದರು. ಎಳನೀರು ರಸ್ತೆ ತುಂಬ ಉರುಳಾಡಿದವು. ಕರೆಂಟ್ ಸಾಹೇಬರು ಪ್ಯಾಂಟು ಮಡಚಿಕೊಂಡು ಚರಂಡಿಗಿಳಿದು ಎಳನೀರು ಆರಿಸುತ್ತಿದ್ದರು. ಈ ಕತೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವರು ಎಲ್ಲರ ಜೊತೆ ಸೇರಿ ನಗುತ್ತಿದ್ದರು. ಆಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ, ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ಬಂದರು.

ಕಡೂರಿನ ಮೇಸ್ತ್ರಿಯ ಪರಿಚಯ ಮಾಡಿಸಿದ್ದು ಅಪ್ಪ. ಬೇರೆ ಗ್ಯಾರೇಜಿನಲ್ಲಿ ಹ್ಯಾಂಡ್ ಗೇರ್ ಕಂಡರೆ ಓಡಿಹೋಗುತ್ತಾರೆ, ಅವರು ಮಾತ್ರ ಪ್ರೀತಿಯಿಂದ ಕೈ ಹಾಕುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಎಂಜಿನ್ನಾಗಲಿ ಗೇರ್ ಬಾಕ್ಸಾಗಲಿ ಬಿಚ್ಚಬೇಕಾದರೆ ಮೊದಲ ಬೋಲ್ಟನ್ನು ಓನರ್ ಕೈಯಿಂದಲೇ ಬಿಚ್ಚಿಸುವುದು. ಕೆಲಸ ಕಲಿಸಿದ ಅವರ ಸೋದರಮಾವ ಹಾಕಿಕೊಟ್ಟ ನಿಯಮವಂತೆ. ನನ್ನನ್ನು ಕೇಳದೆ ಬಿಚ್ಚಿದಿರಿ ಎಂದು ನಾಳೆ ಯಾವ ಓನರೂ ಅನ್ನಬಾರದು. ಆ ಬೋಲ್ಟು ದೇವರ ಪಟದ ಮುಂದಿನ ಒಂದು ಡಬ್ಬಿಗೆ ಹೋಗುತ್ತಿತ್ತು, ಕೊನೆಗೆ ಅದನ್ನು ವಾಪಸ್ ಹಾಕಿದ ಮೇಲೆಯೇ ಗಾಡಿ ಶೆಡ್ಡಿನಿಂದ ಹೊರಗೆ ಬರುವುದು. ಇಪ್ಪತ್ತೈದು ವರ್ಷ ಆ ಮೊದಲ ಬೋಲ್ಟನ್ನು ಬಿಚ್ಚಿದವಳು ನಾನು. ಸ್ಪ್ಯಾನರ್ ನನ್ನ ಕೈಗಿಟ್ಟು, "ಬಿಚ್ಚಿ ಟೀಚರಮ್ಮ" ಎಂದು ಅವರು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು.

ಹೋದ ವರ್ಷ ನನ್ನ ಎಡಭುಜ ಹಿಡಿದುಕೊಂಡಿತು. ತಲೆ ಬಾಚಲೂ ಕೈ ಏಳುತ್ತಿರಲಿಲ್ಲ, ಇನ್ನು ಗೇರ್ ಹಾಕುವುದೆಲ್ಲಿ ಬಂತು. ಕಾರಿನ ನೆಲ, ಬಾಗಿಲುಗಳ ಅಂಚು ತುಕ್ಕು ತಿಂದಿದ್ದವು. ಹೇಗೂ ಓಡಿಸಲು ಆಗುವುದಿಲ್ಲ, ಅಷ್ಟರಲ್ಲಿ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿಬಿಡೋಣ ಎಂದು ಗಂಡ ಹೇಳಿದರು. ಒಳ್ಳೆಯ ಮಾತು ಅನಿಸಿತು. ಮೇಸ್ತ್ರಿಯೇ ಬಂದು ಗಾಡಿ ತೆಗೆದುಕೊಂಡು ಹೋದರು.

ಆಮೇಲೆ ಗಂಡ ವಾರಕ್ಕೆರಡು ಸಲ ಕಡೂರಿಗೆ ಹೋಗತೊಡಗಿದರು. ಪೇಂಟಿನ ಕೆಲಸ ನೋಡಿಕೊಳ್ಳಬೇಕು ಅನ್ನುತ್ತಿದ್ದರು. ಅಂಗಿಗೆ ಗೇರ್ ಆಯಿಲ್ ವಾಸನೆ ಬರುತ್ತಿತ್ತು. ಆ ವಾಸನೆ ನನಗೆ ಗೊತ್ತಿಲ್ಲದ್ದಲ್ಲ, ಆದರೂ ಗ್ಯಾರೇಜಿಗೆ ಹೋದವರಿಗೆ ಇನ್ನೇನು ಮಲ್ಲಿಗೆ ವಾಸನೆ ಬರುತ್ತದೆಯೇ ಎಂದುಕೊಂಡೆ. ಮೇಸ್ತ್ರಿಗೆ ಫೋನ್ ಮಾಡಿದರೆ, "ಬಣ್ಣ ಒಣಗ್ತಾ ಐತೆ ಟೀಚರಮ್ಮ, ಹವೆ ಸರಿ ಇಲ್ಲ" ಅನ್ನುತ್ತಿದ್ದರು. ತಂಗಿ ಮದುವೆಯಾಗಿ ಅಜ್ಜಂಪುರದಲ್ಲೇ ಇದ್ದಾಳೆ. ಅವಳನ್ನು ಕೇಳಿದರೆ, "ನಿಂಗೆ ಅವಸರ ಏನೇ? ಭುಜ ನೋಡ್ಕೋ ಮೊದ್ಲು" ಅನ್ನುತ್ತಿದ್ದಳು. ನನ್ನ ಮೇಲೆ ಎಷ್ಟು ಕಾಳಜಿ ಎಂದು ಅಂದುಕೊಂಡು ನಾನು ಭುಜಕ್ಕೆ ಬಿಸಿ ನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ನನ್ನ ಕಾರಿನ ಹಾರನ್ ಕೇಳಿಸಿತು. ಹೊರಗೆ ಬಂದೆ. ಕೆನೆಬಣ್ಣ ಫಳಫಳ ಅನ್ನುತ್ತಿತ್ತು. ಓಡಿಸಿಕೊಂಡು ಬಂದವರು ನನ್ನ ಗಂಡ. ಹಿಂದಿನ ಸೀಟಿನಿಂದ ತಂಗಿ ಚಪ್ಪಾಳೆ ತಟ್ಟುತ್ತ ಇಳಿದಳು. ಇವರು ಹೇಗೆ ಓಡಿಸಿದರು ಎಂದು ಅರ್ಥವಾಗದೆ ನಾನು ಬಾಗಿಲು ತೆಗೆದು ಒಳಗೆ ಬಗ್ಗಿದೆ. ಉದ್ದನೆಯ ಬೆಂಚ್ ಸೀಟು ಇರಲಿಲ್ಲ. ಅದರ ಜಾಗದಲ್ಲಿ ಎರಡು ಬಿಡಿ ಸೀಟು, ನಡುವೆ ನೆಲ ಕೊರೆದು ಎಬ್ಬಿಸಿದ ಒಂದು ಬಾಗಿದ ಕೋಲು. ಅದರ ಕರಿ ಗುಂಡಿನ ಮೇಲೆ ಒಂದರಿಂದ ಐದರವರೆಗೆ ಅಂಕಿ. ಸ್ಟೀರಿಂಗಿನ ಎಡಗಡೆ ಬೋಳಾಗಿತ್ತು. ಗೇರಿನ ಕೋಲು ಇದ್ದ ತೂತಿಗೆ ಒಂದು ರಬ್ಬರ್ ಬಿರಡೆ ಜಡಿದಿದ್ದರು.

"ಹೆಂಗಿದೆ ಸರ್‌ಪ್ರೈಸು? ಐದು ಗೇರ್ ಕಣೇ! ಇನ್ಮೇಲೆ ನಿನ್ನ ಭುಜಕ್ಕೆ ನೋವಿಲ್ಲ" ಅಂದರು ಗಂಡ.

ಅಕ್ಕಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಚೆನ್ನಾಗಿದೆ ಅಂದೆ. ಒಳಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಇಟ್ಟೆ, ಸಾಸಿವೆ ಸೀದು ಕರ್ರಗಾಗುವವರೆಗೂ ನೋಡುತ್ತ ನಿಂತಿದ್ದೆ.

ಅವಲಕ್ಕಿ ತಿನ್ನುತ್ತ ಗಂಡ ಎಲ್ಲವನ್ನೂ ವಿವರಿಸಿದರು. ಆಮೇಲೆ ಬಂದ ಡೀಸೆಲ್ ಅಂಬಾಸಿಡರ್‌ಗಳಿಗೆ ಐದು ಗೇರ್ ಇರುತ್ತದಂತೆ. ಅಂಥದೊಂದರ ಗೇರ್ ಬಾಕ್ಸು ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕಿತಂತೆ. ಅದು ನಮ್ಮ ಪೆಟ್ರೋಲ್ ಎಂಜಿನ್ನಿಗೆ ಕೂರಲಿಲ್ಲ, ಬೋಲ್ಟಿನ ತೂತುಗಳೇ ಬೇರೆ. ಮೇಸ್ತ್ರಿ ರಟ್ಟಿನಲ್ಲಿ ಅಳತೆ ಕತ್ತರಿಸಿ, ಬೀರೂರಿನ ಲೇತ್‌ನಲ್ಲಿ ದಪ್ಪ ಕಬ್ಬಿಣದ ತಟ್ಟೆ ಮಾಡಿಸಿ ಎರಡರ ನಡುವೆ ಕೂರಿಸಿದರಂತೆ. ಹೊಸ ಗೇರ್ ಬಾಕ್ಸು ಉದ್ದವಾದ್ದರಿಂದ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿ ಬೆಸುಗೆ ಹಾಕಿದರಂತೆ. ವಾರಕ್ಕೆರಡು ಸಲ ಕಡೂರಿಗೆ ಹೋದದ್ದು ಮೇಸ್ತ್ರಿಯಿಂದ ಕಾರು ಓಡಿಸುವುದನ್ನು ಕಲಿಯಲೂ ಹೌದಂತೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಪ್ರೊಪೆಲರ್ ಶಾಫ್ಟ್ ಅಂದರೇನು ಎಂದು ಕೇಳದ ಮನುಷ್ಯ ನನಗೆ ಅದರ ಪಾಠ ಮಾಡುತ್ತಿದ್ದರು.

ತಂಗಿಯನ್ನು ಹಿತ್ತಿಲಿಗೆ ಕರೆದು ಕೇಳಿದೆ. "ನೀನಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಭಾವ ಪಾಪ ಕಣೇ," ಅಂದಳು. "ನೀನು ಎಲ್ರ ಮುಂದೆ ಎಳನೀರು ಕತೆ ಹೇಳ್ದಾಗೆಲ್ಲ ಎಷ್ಟು ಸಂಕಟ ಪಡ್ತಿದ್ರು ಗೊತ್ತಾ? ನನ್ನ ಹತ್ರ ಹೇಳ್ಕೊಂಡಿದ್ರು."

"ನನ್ನ ಹತ್ರ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಅದನ್ನೂ ಒಂದು ಕತೆ ಮಾಡ್ತಿದ್ದೆ ನೀನು."

ಕೆನ್ನೆಗೆ ಹೊಡೆದ ಹಾಗಾಯಿತು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರು ಅಷ್ಟು ವರ್ಷ ನಕ್ಕಿದ್ದು ನಗುವೇ ಅಲ್ಲ ಎಂದು ನನಗೆ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳಲು ನಾನು ನೋಡಲೂ ಇಲ್ಲ. ತಪ್ಪು ನನ್ನದೂ ಇದೆ. ಆದರೆ ಆ ಸಂಕಟಕ್ಕೆ ಔಷಧ ನನ್ನ ಕಾರಿನ ಹೊಟ್ಟೆ ಕೊಯ್ಯುವುದೇ? ನನ್ನ ಎದುರು ಕೂತು, ನೀನು ಹೀಗೆ ಆಡಿಕೊಳ್ಳಬೇಡ ಕಣೇ ಎಂದು ಒಂದು ಸಲ ಹೇಳುವುದಕ್ಕಿಂತ ನೆಲ ಕೊರೆದು, ಶಾಫ್ಟು ಕತ್ತರಿಸುವುದು ಸುಲಭವಾಯಿತೇ? ಭುಜದ ಮಾತಂತೂ ನೆಪ. ಹೊಸ ಗೇರನ್ನು ಹಾಕಬೇಕಾದದ್ದೂ ಅದೇ ಎಡಗೈಯಿಂದ ತಾನೇ.

ಮುಂದಿನ ವಾರಗಳಲ್ಲಿ ಕಾರು ಮನೆಯಲ್ಲಿ ನಿಲ್ಲಲೇ ಇಲ್ಲ. ಇವತ್ತು ಅಮೃತಾಪುರದಲ್ಲಿ ಯಾರದೋ ನಾಮಕರಣ, ನಾಳೆ ಪಂಚನಹಳ್ಳಿಯಲ್ಲಿ ಸ್ನೇಹಿತರ ತೋಟ. ಹೊರಡುವ ಮುಂಚೆ ಗಂಡ ಕನ್ನಡಿ ತಿರುಗಿಸಿಕೊಂಡು, ಸೀಟು ಹಿಂದಕ್ಕೆ ಸರಿಸಿಕೊಂಡು, ಕಿಟಕಿಗೆ ಮೊಣಕೈ ಊರಿ ಕೂರುತ್ತಿದ್ದರು. ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು, ಅದನ್ನು ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಭುಜ ಸರಿಹೋದ ಮೇಲೂ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋಗಿಬಂದೆ. "ಬೇಕಾದ್ರೆ ನೀನೂ ಓಡಿಸು ಕಣೇ, ಯಾರ್ ಬೇಡ ಅಂತಾರೆ?" ಅಂದರು ಒಂದು ದಿನ. ನನ್ನ ಕಾರನ್ನು ನನಗೇ ದಾನ ಮಾಡುತ್ತಿದ್ದರು.

ಅವರಿಗೆ ಜ್ವರ ಬಂದ ದಿನ ನಾನು ಓಡಿಸಿದೆ. ಅಜ್ಜಂಪುರದ ದಾರಿಯಲ್ಲಿ, ರಸ್ತೆ ನೆಟ್ಟಗೆ ಸಿಕ್ಕ ಕಡೆ, ಐದನೇ ಗೇರ್ ಹಾಕಿದೆ. ಎಂಜಿನ್ನಿನ ಗದ್ದಲ ಇಳಿಯಿತು, ಕಿಟಕಿಯ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಹಾಳಾದ್ದು, ಚೆನ್ನಾಗಿತ್ತು. ಅಪ್ಪ ಬದುಕಿದ್ದರೆ ಖುಷಿಪಡುತ್ತಿದ್ದರೇನೋ ಅನ್ನಿಸಿ ಕಣ್ಣು ತುಂಬಿತು, ಮರುಕ್ಷಣವೇ ಕೋಪ ಬಂತು. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಹೂಂ ಅನ್ನುತ್ತಿದ್ದೆನೇನೋ. ಯಾರೂ ಕೇಳಲಿಲ್ಲ.

ಮರುವಾರ ಬಸ್ಸು ಹತ್ತಿ ಕಡೂರಿಗೆ ಹೋದೆ. ಮೇಸ್ತ್ರಿ ಜೀಪೊಂದರ ಕೆಳಗಿದ್ದರು. ನನ್ನನ್ನು ಕಂಡು ತೆವಳಿಕೊಂಡು ಹೊರಗೆ ಬಂದರು.

"ಬನ್ನಿ ಟೀಚರಮ್ಮ. ಗಾಡಿ ಹೆಂಗೋಗ್ತಾ ಐತೆ? ಆ ತಟ್ಟೆ ಐತಲ್ಲ, ಕೂದಲೆಳೆ ಆಚೀಚೆ ಆಗಿದ್ರೂ ಅದುರ್ತಿತ್ತು. ಮೂರು ಸಲ ಮಾಡ್ಸಿದೆ."

ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವನ ಹೆಮ್ಮೆ ಇತ್ತು. ಕೆಲಸ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ.

"ಮೊದಲ ಬೋಲ್ಟ್ ಯಾರು ಬಿಚ್ಚಿದ್ರು ಮೇಸ್ತ್ರಿ?" ಅಂದೆ.

ಅವರು ಬಟ್ಟೆ ಚೂರು ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡರು. "ಸಾಹೇಬ್ರು."

"ಓನರ್ ಯಾರು?"

"ನಾನೂ ಅದನ್ನೇ ಕೇಳ್ದೆ ಕಣ್ರೀ. ಗಾಡಿ ಟೀಚರಮ್ಮಂದು, ಅವ್ರು ಬರ್ಲಿ ಅಂದೆ. ಸಾಹೇಬ್ರು ಜೇಬಿಂದ ಆರ್‌ಸಿ ತೆಗ್ದು ತೋರ್ಸಿದ್ರು. ಅವ್ರ ಹೆಸ್ರೇ ಇತ್ತು. ನಾನೇನ್ ಮಾಡ್ಲಿ ಹೇಳಿ."

"ಇಪ್ಪತ್ತೈದು ವರ್ಷ ನನ್ನ ಕೈಲಿ ಬಿಚ್ಚಿಸಿದ್ರಲ್ಲ, ಆಗೆಲ್ಲ ಆರ್‌ಸಿ ನೋಡಿದ್ರಾ?"

"ಆಗ ಯಾರೂ ತೋರ್ಸಿರ್ಲಿಲ್ಲ ಟೀಚರಮ್ಮ."

ಅಪ್ಪ ಕಾರು ಕೊಟ್ಟ ವರ್ಷ ನನಗೆ ಪರೀಕ್ಷೆಯ ಡ್ಯೂಟಿ ಇತ್ತು. ಅಪ್ಪನ ಜೊತೆ ಆರ್‌ಟಿಓ ಆಫೀಸಿಗೆ ಹೋದದ್ದು ಗಂಡ. ಸಂಜೆ ಬಂದು ಕಾಫಿ ಕುಡಿದು, ಕೆಲಸ ಆಯ್ತು ಅಂದರು. ಯಾರ ಹೆಸರಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ವಿಮೆಯ ಕಾಗದದ ಮೇಲೆ ಅವರ ಹೆಸರನ್ನು ವರ್ಷ ವರ್ಷವೂ ಕಂಡಿದ್ದೆ. ಮನೆಯ ಕಂದಾಯದ ಮೇಲೆ, ಗ್ಯಾಸಿನ ಪುಸ್ತಕದ ಮೇಲೆ ಇರುವ ಹಾಗೆ ಇಲ್ಲೂ ಇದೆ ಎಂದುಕೊಂಡು ಮಡಚಿ ಇಟ್ಟಿದ್ದೆ. ಹೆಸರು ಯಾರದಾದರೇನು, ಕಾರು ನನ್ನದಲ್ಲವೇ ಅನ್ನುವ ಧೈರ್ಯ.

ಹಳೇ ಗೇರ್ ಬಾಕ್ಸ್ ಎಲ್ಲಿ ಎಂದು ಕೇಳಿದೆ. ಮೇಸ್ತ್ರಿ ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಗೋಣಿಚೀಲ ಸರಿಸಿದರು. ಗ್ರೀಸ್ ಬಳಿದು, ಸರಳುಗಳನ್ನು ತಂತಿಯಲ್ಲಿ ಕಟ್ಟಿ, ಜೋಪಾನವಾಗಿ ಇಟ್ಟಿದ್ದರು. "ನಿಮ್ಮ ನೆನಪಾಗಿ ಗುಜರಿಗೆ ಹಾಕ್ಲಿಲ್ಲ. ನೀವು ಹೂಂ ಅನ್ನಿ, ವಾರದಲ್ಲಿ ವಾಪಸ್ ಕೂರ್ಸ್ತೀನಿ" ಅಂದರು. ಆಮೇಲೆ ದನಿ ತಗ್ಗಿಸಿದರು. "ಆದ್ರೆ ಸಾಹೇಬ್ರು ಒಂದ್ಸಲ ಬಂದು ಬೋಲ್ಟ್ ಬಿಚ್ಕೊಡ್ಬೇಕು."

ಅವರ ಮೇಲೆ ಕೂಗಾಡಬೇಕೆಂದು ಬಂದವಳು ನಾನು. ಕೂಗಾಡಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಬಂದೆ.

ತರೀಕೆರೆಗೆ ಬಂದವಳು ಮನೆಗೆ ಹೋಗಲಿಲ್ಲ. ಆರ್‌ಟಿಓ ಆಫೀಸಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ವಾಹನದ ಮಾಲೀಕತ್ವ ಬದಲಿಸುವ ಫಾರಂಗಳನ್ನು ತೆಗೆದುಕೊಂಡೆ. ಅಲ್ಲೇ ಬೆಂಚಿನ ಮೇಲೆ ಕೂತು ತುಂಬಿದೆ. ಗಂಡ ಸಹಿ ಹಾಕಬೇಕಾದ ಕಡೆಗಳಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಅಭ್ಯಾಸ.

ಗಂಡ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಫಾರಂಗಳನ್ನು ಅವರ ಮುಂದಿಟ್ಟೆ. ಕಡೂರಿಗೆ ಹೋಗಿದ್ದೆ, ಮೇಸ್ತ್ರಿ ಎಲ್ಲ ಹೇಳಿದರು, ಕಾರು ನನ್ನ ಹೆಸರಿಗಾಗಬೇಕು ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು.

"ಗೇರ್ ಬಾಕ್ಸ್ ವಾಪಸ್ ಹಾಕಿಸ್ತೀಯಾ?"

"ಗೊತ್ತಿಲ್ಲ," ಅಂದೆ. ಅದು ನಿಜವಾಗಿಯೂ ಗೊತ್ತಿರಲಿಲ್ಲ.

"ಯಾರ ಹೆಸ್ರಲ್ಲಿದ್ರೆ ಏನೇ? ನಾವೇನ್ ಬೇರೆಯವ್ರಾ?" ಎಂದು ತಮಾಷೆಯ ದನಿ ತಂದುಕೊಂಡರು. "ಇಷ್ಟು ವರ್ಷ ಆದ್ಮೇಲೆ ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ," ಅಂದೆ.

ಹೀಗೆ ಅನ್ನಬೇಕೆಂದು ಮನೆಯಿಂದ ಯೋಚಿಸಿಕೊಂಡು ಹೊರಟವಳಲ್ಲ ನಾನು. ಬಾಯಿಂದ ಬಂದುಬಿಟ್ಟಿತು, ಬಂದ ಮೇಲೆ ವಾಪಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ರೇಗುತ್ತಾರೆಂದು ಕಾದೆ. ರೇಗಲಿಲ್ಲ. ಪೆನ್ ಕೇಳಿದರು. ಗುರುತು ಮಾಡಿದ ಕಡೆಗಳಲ್ಲೆಲ್ಲ ಸಹಿ ಹಾಕಿ, ಹಾಳೆಗಳನ್ನು ಅಂಚು ಸರಿಹೊಂದಿಸಿ ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರು. ಇನ್ನೂ ಸಂಜೆಯ ದೀಪ ಹಚ್ಚಿರಲಿಲ್ಲ.

ಫಾರಂ ಜೊತೆ ಲಗತ್ತಿಸಲು ಬೇಕಾದ ಅವರ ಪ್ಯಾನ್ ಕಾರ್ಡಿನ ಜೆರಾಕ್ಸ್, ಹಿಂದೆ ಯಾವುದಕ್ಕೋ ತೆಗೆಸಿದ್ದು, ಬೀರುವಿನಲ್ಲಿತ್ತು. ಅದನ್ನು ಹೊರಗೆ ತೆಗೆದೆ. ಅದರ ಮೇಲಿನ ಸಹಿಯ ಪಕ್ಕದಲ್ಲಿ ಫಾರಮ್ಮಿನ ಸಹಿಗಳನ್ನು ಒಂದೊಂದಾಗಿ ಹಿಡಿದು ಹೋಲಿಸಿದೆ. ಬೇಕೆಂದೇ ಎಲ್ಲಾದರೂ ಬೇರೆ ಥರ ಹಾಕಿದ್ದಾರೆಯೇ ಎಂದು ನೋಡಿದೆ. ಎಲ್ಲವೂ ಸರಿಯಾಗಿದ್ದವು. ಒಳಗಿನಿಂದ ಅವರ ಕೆಮ್ಮು ಕೇಳಿಸಿತು. ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಮೊದಲಿನಿಂದ ನೋಡಿದೆ.